ಸೊಂಟ ಹಿಡಿದಾಗ ಕೊಡುವ ಮಾತ್ರೆಗಳು: ಯಾವುದು ಯಾರಿಗೆ ಆಗಿಬರುತ್ತದೆ, ಯಾರಿಗೆ ಆಗಿಬರುವುದಿಲ್ಲ

ಎರಡು ವರ್ಷದ ಹಿಂದಿನ ಮಾತು. ಗ್ಯಾಸ್ ಸಿಲಿಂಡರ್ ಸರಿಸಲು ಬಗ್ಗಿದವಳು ಮೇಲೇಳಲಾಗಲಿಲ್ಲ. ಸೊಂಟ ಹಿಡಿದುಕೊಂಡಿತ್ತು. ತುಮಕೂರಿನಲ್ಲಿ ಮನೆ ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಐದು ದಿನಕ್ಕೆ ಮಾತ್ರೆ ಬರೆದುಕೊಟ್ಟರು. ಮರುದಿನ ಬೆಳಿಗ್ಗೆ ತಿಂಡಿ ತಿಂದು, ಒಂದು ಮಾತ್ರೆ ನುಂಗಿ ಆಫೀಸಿಗೆ ಹೊರಟೆ. ರೈಲು ಹತ್ತಿದ್ದು ನೆನಪಿದೆ. ಯಶವಂತಪುರದಲ್ಲಿ ಇಳಿಯಬೇಕಾದವಳು ಮೆಜೆಸ್ಟಿಕ್‌ನಲ್ಲಿ ಕಣ್ಣು ಬಿಟ್ಟೆ, ಅದೂ ಪಕ್ಕದಲ್ಲಿದ್ದ ಅಜ್ಜಿ ಭುಜ ಅಲುಗಾಡಿಸಿದ ಮೇಲೆ. ಬಾಯಿಯಲ್ಲಿ ಹತ್ತಿ ತುರುಕಿದ ಹಾಗೆ ಒಣಗಿತ್ತು. ಎದ್ದು ನಿಂತರೆ ಕಣ್ಣು ಕತ್ತಲೆ ಬಂತು. ಸೊಂಟ ಮಾತ್ರ ಹಾಗೇ ಇತ್ತು.

ಆ ಮಾತ್ರೆಯಲ್ಲಿ ಟಿಜಾನಿಡಿನ್ ಇತ್ತು. ನನಗಾಗಿದ್ದು ಯಾವುದೋ ಅಪರೂಪದ ತೊಂದರೆಯೂ ಅಲ್ಲ. ಆ ಔಷಧದ ಲೇಬಲ್‌ನಲ್ಲಿ ಮೊದಲ ಸಾಲಿನಲ್ಲೇ ಇರುವ ಅಡ್ಡಪರಿಣಾಮಗಳು ಅವು. ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಕೂತು ಓದಿದೆ, ಡಾಕ್ಟರುಗಳನ್ನು ಕೇಳಿದೆ, ಮೆಡಿಕಲ್ ಶಾಪ್ ಇಟ್ಟಿರುವ ನಮ್ಮ ದೊಡ್ಡಪ್ಪನ ಮಗನ ತಲೆ ತಿಂದೆ. ಅವನು ಹೇಳುವುದು: ಕೌಂಟರಿಗೆ ಬರುವ ಹತ್ತು ಜನರಲ್ಲಿ ಎಂಟು ಜನ ಕೇಳುವುದು ಒಂದೇ, "ಸ್ವಲ್ಪ ಸ್ಟ್ರಾಂಗ್ ಆಗಿರೋದು ಕೊಡಿ." ಕೇಳಬೇಕಾದ ಪ್ರಶ್ನೆ ಅದಲ್ಲ. ನಾನು ಮಾಡುವ ಕೆಲಸ ಏನು, ನಾನು ಆಗಲೇ ನುಂಗುತ್ತಿರುವ ಮಾತ್ರೆ ಯಾವುವು, ನನ್ನ ಬಿಪಿ, ಲಿವರ್, ಕಿಡ್ನಿ ಹೇಗಿವೆ, ಇದಕ್ಕೆ ಹೊಂದುವುದು ಯಾವುದು ಎನ್ನುವುದನ್ನು ಕೇಳಬೇಕು.

ನಾನು ಡಾಕ್ಟರ್ ಅಲ್ಲ. ಇವೆಲ್ಲ ಚೀಟಿ ಇದ್ದರೆ ಮಾತ್ರ ಕೊಡಬೇಕಾದ ಔಷಧಗಳು, ಆಯ್ಕೆ ಡಾಕ್ಟರದ್ದೇ. ಆದರೆ ಆ ಎರಡು ನಿಮಿಷದ ಭೇಟಿಯಲ್ಲಿ ಅವರಿಗೆ ಏನು ಹೇಳಬೇಕು ಅನ್ನುವುದು ನಮ್ಮ ಕೈಲಿದೆ.

ಮಂಪರು ಯಾಕೆ ಬರುತ್ತದೆ

ಸ್ನಾಯು ಸಡಿಲಿಸುವ ಮಾತ್ರೆ ಎಂದು ಹೆಸರಿದ್ದರೂ ಇವುಗಳಲ್ಲಿ ಹೆಚ್ಚಿನವು ಹಿಡಿದುಕೊಂಡ ಸ್ನಾಯುವಿನ ಹತ್ತಿರ ಹೋಗಿ ಕೆಲಸ ಮಾಡುವುದಿಲ್ಲ. ಅವುಗಳ ಕೆಲಸ ಮೆದುಳಿನಲ್ಲಿ, ಬೆನ್ನುಹುರಿಯಲ್ಲಿ. ಸ್ನಾಯುವಿಗೆ "ಬಿಗಿ ಹಿಡಿ" ಎಂದು ಹೋಗುವ ಸಂದೇಶವನ್ನು ಅಲ್ಲೇ ತಗ್ಗಿಸುತ್ತವೆ. ಅದಕ್ಕೇ ತೂಕಡಿಕೆ, ತಲೆ ಸುತ್ತು, ಮಂಕು ಕವಿಯುವುದು ಈ ಇಡೀ ಗುಂಪಿಗೇ ಅಂಟಿಕೊಂಡಿವೆ. ಒಂದರಲ್ಲಿ ಜಾಸ್ತಿ, ಒಂದರಲ್ಲಿ ಕಡಿಮೆ, ಅಷ್ಟೇ. ಡ್ಯಾಂಟ್ರೋಲಿನ್ ಎಂಬ ಔಷಧವೊಂದು ನೇರವಾಗಿ ಸ್ನಾಯುವಿನ ಒಳಗೇ ಕೆಲಸ ಮಾಡುತ್ತದೆ, ಆದರೆ ಅದನ್ನು ಸೊಂಟ ನೋವಿಗೆ ಬರೆಯುವುದಿಲ್ಲ.

ಇನ್ನೊಂದು ವ್ಯತ್ಯಾಸ ಗೊತ್ತಿರಲಿ. ಉಳುಕಿ, ಭಾರ ಎತ್ತಿ, ಅಡ್ಡಾದಿಡ್ಡಿ ಮಲಗಿ ಬರುವ ಹಿಡಿತ ಒಂದು ಬಗೆ. ಲಕ್ವ ಹೊಡೆದ ಮೇಲೆ ಅಥವಾ ಬೆನ್ನುಹುರಿಗೆ ಪೆಟ್ಟಾದ ಮೇಲೆ ಕೈಕಾಲು ಸೆಟೆದುಕೊಳ್ಳುವುದು ಬೇರೆಯೇ ಬಗೆ. ಮೊದಲನೆಯದು ದಿನಗಳ ಲೆಕ್ಕ, ಎರಡನೆಯದು ವರ್ಷಗಳ ಲೆಕ್ಕ. ಬ್ಯಾಕ್ಲೊಫೆನ್ ಮುಖ್ಯವಾಗಿ ಎರಡನೆಯದಕ್ಕೆ. ಕ್ಲೋರ್‌ಜಾಕ್ಸಜೋನ್, ಮೆಥೋಕಾರ್ಬಮಾಲ್, ಥಯೋಕಾಲ್ಚಿಕೋಸೈಡ್ ಮೊದಲನೆಯದಕ್ಕೆ. ಟಿಜಾನಿಡಿನ್ ಎರಡಕ್ಕೂ ಓಡಾಡುತ್ತದೆ.

ಇಷ್ಟೆಲ್ಲ ಅಡ್ಡಪರಿಣಾಮ ಸಹಿಸಿಕೊಂಡರೆ ಸಿಗುವ ಲಾಭ ಎಷ್ಟು? 2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ದೊಡ್ಡ ವಿಮರ್ಶೆ ಬಂತು. ಸೊಂಟ ನೋವಿನ 31 ಪ್ರಯೋಗಗಳು, ಆರು ಸಾವಿರಕ್ಕೂ ಹೆಚ್ಚು ರೋಗಿಗಳು. ಹೊಸದಾಗಿ ಬಂದ ಸೊಂಟ ನೋವಿನಲ್ಲಿ, ನೋವನ್ನು ನೂರಕ್ಕೆ ಅಳೆದರೆ, ಮೊದಲ ಎರಡು ವಾರದಲ್ಲಿ ಇವು ಇಳಿಸಿದ್ದು ಸುಮಾರು ಎಂಟು ಅಂಕ. ಆ ಲಾಭದ ಬಗ್ಗೆಯೂ ಗಟ್ಟಿ ಭರವಸೆ ಕೊಡುವಷ್ಟು ಪುರಾವೆ ಇಲ್ಲ ಎಂದು ವಿಮರ್ಶಕರೇ ಬರೆದರು. ತೊಂದರೆ ಅನುಭವಿಸಿದವರು ಮಾತ್ರ ಹೆಚ್ಚಾಗಿದ್ದರು. ಈ ಎಂಟು ಅಂಕ ತಲೆಯಲ್ಲಿಟ್ಟುಕೊಂಡು ಮುಂದಿನದ್ದನ್ನು ಓದಿ.

ಮೊದಲು ಸ್ಟ್ರಿಪ್ ತಿರುಗಿಸಿ ನೋಡಿ

ನಮ್ಮಲ್ಲಿ ಈ ಔಷಧಗಳು ಒಂಟಿಯಾಗಿ ಸಿಗುವುದಕ್ಕಿಂತ ಜೋಡಿಯಾಗಿ, ಮೂವರಾಗಿ ಸಿಗುವುದೇ ಜಾಸ್ತಿ. ಒಂದೇ ಮಾತ್ರೆಯಲ್ಲಿ ಸ್ನಾಯು ಸಡಿಲಿಸುವುದೊಂದು, ಡೈಕ್ಲೊಫೆನಾಕ್ ಅಥವಾ ಅಸೆಕ್ಲೊಫೆನಾಕ್ ಎಂಬ ನೋವಿನ ಔಷಧವೊಂದು, ಮೇಲೆ ಪ್ಯಾರಾಸಿಟಮಾಲ್. ಹಾಗಾಗಿ "ಈ ಮಾತ್ರೆ ನನಗೆ ಆಗಲ್ಲ" ಎನ್ನುವಾಗ ಯಾವುದು ಆಗಲಿಲ್ಲ ಎನ್ನುವುದೇ ಗೊತ್ತಾಗುವುದಿಲ್ಲ. ಹೊಟ್ಟೆ ಉರಿದರೆ, ಮುಖ ಕಾಲು ಊದಿಕೊಂಡರೆ, ಬಿಪಿ ಏರಿದರೆ ತಪ್ಪಿತಸ್ಥ ಬಹುಮಟ್ಟಿಗೆ ನೋವಿನ ಔಷಧ. ತೂಕಡಿಸಿದರೆ, ಬಿಪಿ ಇಳಿದರೆ, ಬಾಯಿ ಒಣಗಿದರೆ ಸ್ನಾಯು ಸಡಿಲಿಸುವುದು.

ಬ್ರ್ಯಾಂಡ್ ಹೆಸರಿನ ಬಾಲವನ್ನು ನಂಬಬೇಡಿ. ನೋವಿನ ಮಾತ್ರೆಯ ಹೆಸರಿನ ಕೊನೆಗೆ ಎಂಆರ್ ಎಂದಿದ್ದರೆ ಸಾಮಾನ್ಯವಾಗಿ ಸ್ನಾಯು ಸಡಿಲಿಸುವ ಔಷಧ ಸೇರಿದೆ ಎಂದರ್ಥ. ಅದೇ ಎಂಆರ್ ಸಕ್ಕರೆ ಕಾಯಿಲೆಯ ಗ್ಲಿಕ್ಲಜೈಡ್ ಮಾತ್ರೆಯ ಮೇಲಿದ್ದರೆ ನಿಧಾನವಾಗಿ ಕರಗುವ ಮಾತ್ರೆ ಎಂದರ್ಥ. ಎರಡಕ್ಕೂ ಸಂಬಂಧವಿಲ್ಲ. ಒಂದೇ ಬ್ರ್ಯಾಂಡಿಗೆ ಎಂಆರ್, ಪಿ, ಎಸ್‌ಪಿ, ಟಿಎಚ್ ಎಂದು ನಾಲ್ಕಾರು ಬಾಲ. ಹಿಂದಿನ ಸಲ ತಂದದ್ದು ಒಂದು, ಈ ಸಲ ಸಿಕ್ಕಿದ್ದು ಇನ್ನೊಂದು. ಹಿಂಬದಿಯ ಸಣ್ಣ ಅಕ್ಷರದಲ್ಲಿ ಬರೆದಿರುವ ಮೂಲ ಔಷಧದ ಹೆಸರೇ ನಿಜ. ಕಣ್ಣಿಗೆ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ನಾನು ಈಗ ಹಾಗೇ ಮಾಡುವುದು.

ಪ್ಯಾರಾಸಿಟಮಾಲ್ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. ಇಂಥ ಜೋಡಿ ಮಾತ್ರೆಯಲ್ಲಿ ಅದು ಸಾಮಾನ್ಯವಾಗಿ 325 ಮಿಲಿಗ್ರಾಂ. ದಿನಕ್ಕೆ ಮೂರು ಅಂದರೆ 975. ಮೈ ಬೆಚ್ಚಗಿದೆ ಎಂದು ಮನೆಯಲ್ಲಿದ್ದ 650ರ ಮಾತ್ರೆ ಮೂರು ಹೊತ್ತು ಸೇರಿಸಿದರೆ 2925. ನೆಗಡಿಯೂ ಇದೆ ಎಂದು 500 ಇರುವ ಶೀತದ ಮಾತ್ರೆ ಮೂರು ಸಲ ನುಂಗಿದರೆ 4425. ಆರೋಗ್ಯವಂತ ದೊಡ್ಡವರಿಗೂ ದಿನಕ್ಕೆ 4000 ಮಿಲಿಗ್ರಾಂ ಮೀರಬಾರದು. ಮೂರು ಬೇರೆ ಬೇರೆ ಹೆಸರಿನ ಮಾತ್ರೆ, ಯಾವುದೂ ಅತಿಯಾಗಿಲ್ಲ ಎಂದೇ ಅನ್ನಿಸುತ್ತದೆ, ಅಷ್ಟರಲ್ಲಿ ಲಿವರ್‌ಗೆ ಹೊರೆ ಮಿತಿ ದಾಟಿರುತ್ತದೆ. ಕುಡಿಯುವವರಿಗೆ, ಸಣಕಲು ಮೈಯವರಿಗೆ ಆ ಮಿತಿ ಇನ್ನೂ ಕೆಳಗೆ.

ಮಳೆಗಾಲದಲ್ಲಿ ಇನ್ನೊಂದು ಅಪಾಯ. ಮೈಕೈ ನೋವು ಜ್ವರದ ಜೊತೆ ಬಂದರೆ ಅದು ಡೆಂಗಿ ಆಗಿರಬಹುದು. ಆಗ ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್ ಇರುವ ಜೋಡಿ ಮಾತ್ರೆ ನುಂಗಬಾರದು, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಸೊಂಟಕ್ಕೆಂದು ತಂದು ಮಿಕ್ಕಿದ ಸ್ಟ್ರಿಪ್ಪನ್ನು ಜ್ವರದ ಮೈನೋವಿಗೆ ಬಳಸುವುದು ಎಷ್ಟು ಮನೆಯಲ್ಲಿ ನಡೆಯುತ್ತದೆ, ಹೇಳಿ?

ಟಿಜಾನಿಡಿನ್, ಥಯೋಕಾಲ್ಚಿಕೋಸೈಡ್: ಹೆಚ್ಚಾಗಿ ಎದುರಾಗುವ ಜೋಡಿ

ಸೊಂಟ, ಕತ್ತು ಹಿಡಿದವರ ಚೀಟಿಯಲ್ಲಿ ನಮ್ಮ ಕಡೆ ಹೆಚ್ಚಾಗಿ ಕಾಣುವುದು ಈ ಎರಡರಲ್ಲಿ ಒಂದು. ಎರಡರ ಗುಣ ತೀರಾ ಬೇರೆ.

ಟಿಜಾನಿಡಿನ್‌ಗೆ ಬಿಪಿ ಔಷಧಗಳ ಮನೆತನದ ನಂಟಿದೆ. ಕ್ಲೋನಿಡಿನ್ ಎಂಬ ಹಳೆಯ ಬಿಪಿ ಮಾತ್ರೆಯ ಸಂಬಂಧಿ ಇದು. ಅದಕ್ಕೇ ಬಿಪಿ ಇಳಿಸುತ್ತದೆ. ಕೂತಲ್ಲಿಂದ ತಟ್ಟನೆ ಎದ್ದರೆ ತಲೆ ತಿರುಗುವುದು ಅದರಿಂದಲೇ. ಅಮೆರಿಕದ ಲೇಬಲ್‌ನಲ್ಲಿ ಕೊಟ್ಟಿರುವ ಪ್ರಯೋಗಗಳಲ್ಲಿ, ಇದನ್ನು ತೆಗೆದುಕೊಂಡವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಬಾಯಿ ಒಣಗಿತ್ತು, ಅರ್ಧದಷ್ಟು ಜನರಿಗೆ ತೂಕಡಿಕೆ ಬಂದಿತ್ತು. ಅಲ್ಲಿ ಕೊಟ್ಟ ಡೋಸ್ ನಮ್ಮ 2 ಮಿಲಿಗ್ರಾಂಗಿಂತ ತುಂಬಾ ಜಾಸ್ತಿ, ನಿಜ. ಆದರೂ ರೈಲಿನಲ್ಲಿ ನನಗಾದದ್ದಕ್ಕೆ ಅಷ್ಟು ಉತ್ತರ ಸಾಕಾಯಿತು. ನುಂಗಿದ ಒಂದೆರಡು ಗಂಟೆಗೆ ಇದರ ಪ್ರಭಾವ ತುದಿ ಮುಟ್ಟುತ್ತದೆ, ಮೂರರಿಂದ ಆರು ಗಂಟೆಯೊಳಗೆ ಇಳಿಯುತ್ತದೆ. ಅಂದರೆ ರಾತ್ರಿ ಮಲಗುವಾಗ ತೆಗೆದುಕೊಂಡರೆ ಇದೇ ತೂಕಡಿಕೆ ಉಪಕಾರಕ್ಕೆ ಬರುತ್ತದೆ. ನೋವಿನಿಂದ ನಿದ್ದೆ ಬಾರದವರಿಗೆ ಇದು ಒಗ್ಗುತ್ತದೆ. ಬೆಳಿಗ್ಗೆ ತಿಂಡಿ ಆದ ಮೇಲೆ ತೆಗೆದುಕೊಂಡರೆ ಮೆಜೆಸ್ಟಿಕ್.

ಊಟದ ಜೊತೆ ತೆಗೆದುಕೊಂಡರೆ ಒಂದು ಥರ, ಖಾಲಿ ಹೊಟ್ಟೆಗೆ ಇನ್ನೊಂದು ಥರ ಮೈಗೆ ಹತ್ತುತ್ತದೆ. ಯಾವುದಾದರೂ ಒಂದು ಕ್ರಮ ಹಿಡಿದು ಅದನ್ನೇ ಪಾಲಿಸುವುದು ಒಳ್ಳೆಯದು.

ಟಿಜಾನಿಡಿನ್ ವಿಷಯದಲ್ಲಿ ನಿಜಕ್ಕೂ ಹೆದರಬೇಕಾದದ್ದು ಬೇರೆ ಔಷಧದ ಜೊತೆಗಿನ ಜಗಳ. ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ಗೊತ್ತಲ್ವಾ? ಉರಿಮೂತ್ರಕ್ಕೆ, ಭೇದಿಗೆ ನಮ್ಮಲ್ಲಿ ಸಲೀಸಾಗಿ ಓಡಾಡುವ ಮಾತ್ರೆ. ಅದು ಟಿಜಾನಿಡಿನ್ ಕರಗಿಸುವ ಲಿವರ್ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಗ ರಕ್ತದಲ್ಲಿ ಟಿಜಾನಿಡಿನ್ ಸುಮಾರು ಹತ್ತು ಪಟ್ಟು ಏರುತ್ತದೆ. ಒಂದು ಮಾತ್ರೆ ನುಂಗಿ ಹತ್ತು ನುಂಗಿದ ಲೆಕ್ಕ. ಖಿನ್ನತೆ, ಗೀಳಿಗೆ ಕೊಡುವ ಫ್ಲುವೋಕ್ಸಮಿನ್ ಜೊತೆ ಇದಕ್ಕಿಂತಲೂ ಕೆಟ್ಟದು, ಮೂವತ್ತು ಪಟ್ಟು ದಾಟುತ್ತದೆ. ಈ ಎರಡರ ಜೊತೆ ಟಿಜಾನಿಡಿನ್ ಕೂಡದೇ ಕೂಡದು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಹೆಂಗಸರಲ್ಲೂ ಇದು ನಿಧಾನವಾಗಿ ಹೊರಹೋಗುತ್ತದೆ, ಹಾಗಾಗಿ ಡೋಸ್ ಕಡಿಮೆ ಇರಬೇಕು. ಬಿಪಿ ಮಾತ್ರೆ ನುಂಗುವವರು ಅದನ್ನು ಡಾಕ್ಟರಿಗೆ ಮೊದಲೇ ಹೇಳಿಬಿಡಬೇಕು. ಕೆಲವರಲ್ಲಿ ಲಿವರ್ ಪರೀಕ್ಷೆಯ ಅಂಕಿ ಏರುತ್ತದೆ. ವಾರಗಟ್ಟಲೆ, ದೊಡ್ಡ ಡೋಸ್‌ನಲ್ಲಿ ತೆಗೆದುಕೊಂಡವರು ಒಮ್ಮೆಗೇ ನಿಲ್ಲಿಸಿದರೆ ಬಿಪಿ ಎದ್ದು ಬರುತ್ತದೆ, ಎದೆ ಡವಗುಟ್ಟುತ್ತದೆ. ಐದು ದಿನದ ಸಣ್ಣ ಕೋರ್ಸಿನಲ್ಲಿ ಈ ಚಿಂತೆ ಅಷ್ಟಾಗಿ ಇಲ್ಲ.

ಥಯೋಕಾಲ್ಚಿಕೋಸೈಡ್ ಕಥೆ ಇನ್ನೊಂದು. ಮಳೆಗಾಲ ಮುಗಿಯುತ್ತಾ ಬರುವಾಗ ಮಲೆನಾಡಿನ ಬೇಲಿಗಳಲ್ಲಿ ಬೆಂಕಿಯ ನಾಲಿಗೆ ಹಾಗೆ ಕೆಂಪು ಹಳದಿ ಎಸಳು ಚಾಚಿಕೊಂಡು ಅರಳುವ ಗೌರಿ ಹೂ ನೋಡಿದ್ದೀರಲ್ಲ, ಅಗ್ನಿಶಿಖೆ ಎಂದೂ ಕರೆಯುತ್ತಾರೆ. ಅದರ ಬೀಜ ಗಡ್ಡೆಗಳಲ್ಲಿರುವ ಕಾಲ್ಚಿಸಿನ್ ಗುಂಪಿನ ರಾಸಾಯನಿಕದಿಂದಲೇ ಈ ಔಷಧ ಹುಟ್ಟಿದ್ದು. ಗಿಡ ಮಾತ್ರ ಬೇರಿನಿಂದ ಹೂವಿನವರೆಗೂ ವಿಷ. ಮಾತ್ರೆಯ ಮೂಲ ಗಿಡ ತಾನೇ ಎಂದು ಗಡ್ಡೆ ತೇಯಲು ಹೋಗಬೇಡಿ, ಜೀವ ಹೋದ ಉದಾಹರಣೆಗಳಿವೆ.

ಟಿಜಾನಿಡಿನ್‌ಗೆ ಹೋಲಿಸಿದರೆ ಇದರಲ್ಲಿ ತೂಕಡಿಕೆ ಕಡಿಮೆ. ಬಾಯಿ ಒಣಗುವುದು, ಬಿಪಿ ಇಳಿಯುವುದು ದೊಡ್ಡ ದೂರಲ್ಲ. ಹೆಚ್ಚು ಕಾಣುವುದು ಹೊಟ್ಟೆಯ ತಕರಾರು: ಭೇದಿ, ಹೊಟ್ಟೆನೋವು. ಹಗಲು ಎಚ್ಚರವಾಗಿರಬೇಕಾದ ಕೆಲಸದವರಿಗೆ ಡಾಕ್ಟರುಗಳು ಇದನ್ನು ಬರೆಯುವುದು ಅದಕ್ಕೇ. ತೂಕಡಿಕೆ ಬರುವುದೇ ಇಲ್ಲ ಎಂದಲ್ಲ, ಮೊದಲ ದಿನ ಗಾಡಿ ಓಡಿಸದೆ ನೋಡಿಕೊಳ್ಳಿ.

ಹಾಗಾದರೆ ಇದೇ ಮೇಲು ಅಂತೀರಾ? ನಿಲ್ಲಿ. 2013ರ ನವೆಂಬರ್‌ನಲ್ಲಿ ಯುರೋಪಿನ ಔಷಧ ಸಂಸ್ಥೆ ಇದರ ಬಳಕೆಗೆ ಬೇಲಿ ಹಾಕಿತು. ದೇಹದೊಳಗೆ ಇದು ಒಡೆದು ಆಗುವ ಒಂದು ವಸ್ತು, ಜೀವಕೋಶಗಳು ಎರಡಾಗುವಾಗ ವರ್ಣತಂತುಗಳ ಹಂಚಿಕೆಯನ್ನು ಕೆಡಿಸಬಹುದು ಎಂದು ಪ್ರಯೋಗಗಳಲ್ಲಿ ಕಂಡಿತ್ತು. ಹಾಗಾಗಿ ಮಾತ್ರೆಯಾದರೆ ಹನ್ನೆರಡು ಗಂಟೆಗೊಮ್ಮೆ 8 ಮಿಲಿಗ್ರಾಂ ಮೀರದೆ, ಏಳು ದಿನ ಮೀರದೆ. ಇಂಜೆಕ್ಷನ್ ಆದರೆ ಐದು ದಿನ. ಹದಿನಾರರ ಒಳಗಿನವರಿಗೆ ಬೇಡ. ಬಸುರಿಯರಿಗೆ, ಹಾಲುಣಿಸುವವರಿಗೆ, ಗರ್ಭನಿರೋಧಕ ಬಳಸದೆ ಇರುವ ಹೆರುವ ವಯಸ್ಸಿನ ಹೆಂಗಸರಿಗೆ ಬೇಡ. ಮೂರ್ಛೆರೋಗ ಇರುವವರಿಗೂ ಇದು ಅಪಾಯ, ಫಿಟ್ಸ್ ಬಂದದ್ದುಂಟು.

ನನ್ನ ಅಸಮಾಧಾನ ಇಲ್ಲೇ ಇರುವುದು. ಸೊಂಟ ಹಿಡಿದು ಬಂದ ಮೂವತ್ತರ ಹೆಣ್ಣುಮಗಳನ್ನು "ಮುಟ್ಟು ಯಾವಾಗ ಆಯಿತು, ಮಗುವಿಗೆ ಪ್ರಯತ್ನ ಮಾಡುತ್ತಿದ್ದೀರಾ" ಎಂದು ಕೇಳಿ ಈ ಮಾತ್ರೆ ಬರೆಯುವವರು ಎಷ್ಟು ಜನ? ಅವರು ಕೇಳದಿದ್ದರೆ ನೀವೇ ಹೇಳಿ. ನಾಚಿಕೆ ಪಡುವ ವಿಷಯ ಅಲ್ಲ. ಇನ್ನು ಕೆಲವರು ತಿಂಗಳುಗಟ್ಟಲೆ ಅದೇ ಚೀಟಿ ತೋರಿಸಿ ಇದನ್ನು ಒಯ್ಯುತ್ತಾರೆ ಎಂದು ನಮ್ಮ ಅಣ್ಣ ಹೇಳುತ್ತಾನೆ. ಇದು ಏಳು ದಿನದ ಔಷಧ.

ಮೂತ್ರದ ಬಣ್ಣ ಬದಲಿಸುವ ಇಬ್ಬರು ಹಳಬರು

ಕ್ಲೋರ್‌ಜಾಕ್ಸಜೋನ್, ಮೆಥೋಕಾರ್ಬಮಾಲ್ ಎರಡೂ 1950ರ ದಶಕದಿಂದ ಬಳಕೆಯಲ್ಲಿವೆ. ಎರಡರಲ್ಲೂ ತೂಕಡಿಕೆ, ತಲೆ ಸುತ್ತು ಇದ್ದೇ ಇದೆ. ಕ್ಲೋರ್‌ಜಾಕ್ಸಜೋನ್ ಮೂತ್ರವನ್ನು ಕಿತ್ತಳೆ ಅಥವಾ ನೇರಳೆಗೆಂಪು ಮಾಡಬಹುದು, ಮೆಥೋಕಾರ್ಬಮಾಲ್ ಕಂದು, ಕಪ್ಪು, ಹಸಿರು. ಬಣ್ಣ ನೋಡಿ ಗಾಬರಿಯಾಗುವುದು ಸಹಜ, ಬರೀ ಬಣ್ಣದಿಂದ ತೊಂದರೆಯಿಲ್ಲ.

ಆದರೆ ಕ್ಲೋರ್‌ಜಾಕ್ಸಜೋನ್‌ನಲ್ಲಿ ಒಂದು ತೊಡಕು. ತೀರಾ ಅಪರೂಪಕ್ಕೆ ಇದು ಲಿವರ್‌ಗೆ ಗಂಭೀರ ಹಾನಿ ಮಾಡುತ್ತದೆ, ಯಾರಿಗೆ ಆಗುತ್ತದೆ ಎಂದು ಮುಂಚೆ ಹೇಳಲಾಗದು. ಲಿವರ್ ಕೆಟ್ಟಾಗಲೂ ಮೂತ್ರ ಗಾಢವಾಗುತ್ತದೆ. ಹಾಗಿದ್ದರೆ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಮೂತ್ರದ ಬಣ್ಣದ ಜೊತೆ ಕಣ್ಣು ಹಳದಿಯಾಗಿದ್ದರೆ, ಊಟ ಸೇರದಿದ್ದರೆ, ವಾಕರಿಕೆ ಇದ್ದರೆ, ಬಲಪಕ್ಕೆಲುಬಿನ ಕೆಳಗೆ ನೋವಿದ್ದರೆ, ಮೈ ತುರಿಸುತ್ತಿದ್ದರೆ ಮಾತ್ರೆ ನಿಲ್ಲಿಸಿ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಇವು ಯಾವುವೂ ಇಲ್ಲದಿದ್ದರೂ ಅನುಮಾನವಿದ್ದರೆ ಒಂದು ರಕ್ತಪರೀಕ್ಷೆ ಸಾಕು. ಈ ಔಷಧ ನಮ್ಮಲ್ಲಿ ಹೆಚ್ಚಾಗಿ ಪ್ಯಾರಾಸಿಟಮಾಲ್, ಡೈಕ್ಲೊಫೆನಾಕ್ ಜೊತೆಗೇ ಬರುತ್ತದೆ. ಲಿವರ್‌ಗೆ ಹೊರೆಯಾಗಬಲ್ಲ ಮೂರೂ ಒಂದೇ ಮಾತ್ರೆಯಲ್ಲಿ. ಜಾಂಡೀಸ್ ಆಗಿ ಹೋದವರು, ದಿನಾ ಕುಡಿಯುವವರು ಇದನ್ನು ಬಿಟ್ಟು ಬೇರೆ ಕೇಳುವುದು ಜಾಣತನ. ಈ ಇಬ್ಬರಲ್ಲೇ ಆರಿಸಬೇಕಾದರೆ ನನ್ನ ಒಲವು ಮೆಥೋಕಾರ್ಬಮಾಲ್ ಕಡೆಗೆ.

ಬ್ಯಾಕ್ಲೊಫೆನ್: ಕಿಡ್ನಿ ನೋಡದೆ ಮುಟ್ಟಬಾರದ್ದು

ಬೆನ್ನುಹುರಿಗೆ ಪೆಟ್ಟಾದವರಿಗೆ, ಕೈಕಾಲು ಸೆಟೆದವರಿಗೆ ಇದು ದೊಡ್ಡ ಆಸರೆ. 5 ಮಿಲಿಗ್ರಾಂನಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತಾರೆ. ತೂಕಡಿಕೆ, ನಿಶ್ಶಕ್ತಿ, ತಲೆ ಸುತ್ತು, ವಾಕರಿಕೆ ಇದ್ದದ್ದೇ. ಸೆಟೆತ ಪೂರ್ತಿ ಹೋದರೂ ಕಷ್ಟ ಎನ್ನುವುದು ತಮಾಷೆಯ ಮಾತಲ್ಲ. ಕೆಲವರು ಆ ಬಿಗಿತದ ಬಲದಲ್ಲೇ ಎದ್ದು ನಿಲ್ಲುತ್ತಿರುತ್ತಾರೆ. ಅದು ಸಡಿಲಾದರೆ ಕಾಲು ಕುಸಿಯುತ್ತದೆ.

ಮುಖ್ಯ ವಿಷಯ ಕಿಡ್ನಿ. ಲಿವರ್ ಇದನ್ನು ಹೆಚ್ಚಾಗಿ ಮುಟ್ಟುವುದಿಲ್ಲ. ನುಂಗಿದ್ದರ ಬಹುಪಾಲು ಹಾಗೆಹಾಗೇ ಮೂತ್ರದಲ್ಲಿ ಹೋಗಬೇಕು. ಕಿಡ್ನಿ ಸೋತವರಲ್ಲಿ ಅದು ಒಳಗೇ ಗುಡ್ಡೆಯಾಗುತ್ತದೆ. ಮನುಷ್ಯ ಗೊಂದಲಕ್ಕೆ ಬೀಳುತ್ತಾನೆ, ಯಾರೆಂದು ಗುರುತು ಹಿಡಿಯುವುದಿಲ್ಲ, ಎಬ್ಬಿಸಿದರೂ ಏಳುವುದಿಲ್ಲ. ಕೆನಡಾದ ಒಂಟಾರಿಯೋದಲ್ಲಿ ಕಿಡ್ನಿ ಕಾಯಿಲೆಯ ಹಿರಿಯರನ್ನು ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ 20 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಶುರುಮಾಡಿದವರಲ್ಲಿ ಸುಮಾರು ನೂರಕ್ಕೆ ಒಬ್ಬರು ಒಂದೇ ತಿಂಗಳೊಳಗೆ ಹೀಗಾಗಿ ಆಸ್ಪತ್ರೆ ಸೇರಿದ್ದರು.

ಇಲ್ಲೊಂದು ಕಾಣದ ಗುಂಡಿಯಿದೆ. ಬಿಡದ ಬಿಕ್ಕಳಿಕೆಗೂ ಬ್ಯಾಕ್ಲೊಫೆನ್ ಕೊಡುತ್ತಾರೆ. ಬಿಕ್ಕಳಿಕೆ ಹೆಚ್ಚಾಗಿ ಕಾಡುವವರಲ್ಲಿ ಕಿಡ್ನಿ ರೋಗಿಗಳೂ ಇದ್ದಾರೆ. ಡಯಾಲಿಸಿಸ್ ಮಾಡಿಸಿಕೊಳ್ಳುವ ಅಪ್ಪನಿಗೆ ಯಾರೋ ಬಿಕ್ಕಳಿಕೆಗೆ ಮಾತ್ರೆ ಬರೆದರೆ ಅದರ ಹೆಸರು ಓದಿ, ಕಿಡ್ನಿ ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳಿಯೇ ಕೊಡಿ. ಕಾಯಿಲೆ ಇದ್ದದ್ದೇ ಗೊತ್ತಿಲ್ಲದ ಹಿರಿಯರಿಗೆ ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿಕೊಂಡೇ ಶುರುಮಾಡುವುದು ಒಳ್ಳೆಯದು.

ಎರಡನೆಯದು, ಇದನ್ನು ತಟ್ಟನೆ ನಿಲ್ಲಿಸುವ ಹಾಗಿಲ್ಲ. ತಿಂಗಳುಗಟ್ಟಲೆ ತೆಗೆದುಕೊಂಡವರು ಮಾತ್ರೆ ಮುಗಿಯಿತೆಂದು ಎರಡು ದಿನ ಬಿಟ್ಟರೆ ಇಲ್ಲದ್ದು ಕಾಣಿಸುತ್ತದೆ, ಫಿಟ್ಸ್ ಬರಬಹುದು, ಸೆಟೆತ ಮೊದಲಿಗಿಂತ ಜೋರಾಗಿ ಮರಳುತ್ತದೆ. ಹಬ್ಬದ ರಜೆಗೆ ಊರಿಗೆ ಹೋಗುವಾಗ ಬಟ್ಟೆಗಿಂತ ಮೊದಲು ಇದರ ಸ್ಟ್ರಿಪ್ ಬ್ಯಾಗಿಗೆ ಹಾಕಿ. ಸುಮ್ನೆ ಉಳುಕಿದ ಸೊಂಟಕ್ಕೆ ಇದು ಮೊದಲ ಆಯ್ಕೆಯಲ್ಲ ಎಂದು ನಾನು ಹೇಳುವುದು ಇವೆರಡು ಕಾರಣಕ್ಕೇ.

ಉಳಿದವರು

ಟಾಲ್ಪೆರಿಸೋನ್ ತೂಕಡಿಕೆ ಕಡಿಮೆ ಎಂದು ಹೆಸರು ಮಾಡಿತ್ತು. ಆದರೆ ಅಲರ್ಜಿಯ ದೂರು ಹೆಚ್ಚಾಗಿ ಬಂದು, ಯುರೋಪಿನಲ್ಲಿ 2012ರಲ್ಲಿ ಅದನ್ನು ಪಾರ್ಶ್ವವಾಯು ನಂತರದ ಸೆಟೆತಕ್ಕೆ ಮಾತ್ರ ಸೀಮಿತ ಮಾಡಿದರು. ಮೈ ಮೇಲೆ ದದ್ದು, ತುಟಿ ಊತ, ಉಸಿರು ಕಟ್ಟಿದಂತಾದರೆ ಮತ್ತೆ ಅದನ್ನು ಮುಟ್ಟಬೇಡಿ. ಸೈಕ್ಲೊಬೆಂಜಪ್ರಿನ್ ಹಳೆಯ ಖಿನ್ನತೆ ಮಾತ್ರೆ ಅಮಿಟ್ರಿಪ್ಟಿಲಿನ್‌ನ ದಾಯಾದಿ. ಬಾಯಿ ಒಣಗುವುದು, ಮಲಬದ್ಧತೆ, ಮರುದಿನವೂ ಬಿಡದ ಮಂಪರು ಇದರ ಗುಣ. ಪ್ರಾಸ್ಟೇಟ್ ತೊಂದರೆಯಿಂದ ಮೂತ್ರ ಕಟ್ಟುವವರು, ಕಣ್ಣಿನೊಳಗೆ ಒತ್ತಡ ಏರುವ ಗ್ಲಾಕೋಮಾ ಇರುವವರು, ಹೃದಯದ ಬಡಿತ ತಪ್ಪುವವರು ಇದನ್ನು ದೂರ ಇಡಬೇಕು.

ಕ್ಯಾರಿಸೊಪ್ರೊಡಾಲ್ ಬಗ್ಗೆ ಒಂದೇ ಮಾತು: ಬೇಡ. ದೇಹದಲ್ಲಿ ಅದು ಚಟ ಹಿಡಿಸುವ ಇನ್ನೊಂದು ವಸ್ತುವಾಗಿ ಬದಲಾಗುತ್ತದೆ. ಯುರೋಪಿನಲ್ಲಿ 2007ರಲ್ಲೇ ಅದನ್ನು ಮಾರುಕಟ್ಟೆಯಿಂದ ಹಿಂದೆ ಪಡೆಯಲು ಹೇಳಿದರು. ಅಮೆರಿಕ 2012ರಲ್ಲಿ ಅದನ್ನು ನಿಯಂತ್ರಿತ ಔಷಧಗಳ ಪಟ್ಟಿಗೆ ಸೇರಿಸಿತು. ಟಾಪೆಂಟಡಾಲ್ ಎಂಬ ಅಫೀಮು ಬಗೆಯ ನೋವಿನ ಔಷಧದ ಜೊತೆ ಬೆರೆಸಿ ಭಾರತದಿಂದ ಪಶ್ಚಿಮ ಆಫ್ರಿಕಾಕ್ಕೆ ಹೋಗುತ್ತಿದ್ದ ಮಾತ್ರೆಗಳು ಅಲ್ಲಿನ ಹುಡುಗರಿಗೆ ಚಟ ಹಿಡಿಸುತ್ತಿವೆ ಎಂಬ ವರದಿ ಬಂದ ಮೇಲೆ, 2025ರ ಫೆಬ್ರವರಿಯಲ್ಲಿ ನಮ್ಮ ಔಷಧ ನಿಯಂತ್ರಕರು ಆ ಜೋಡಿಯ ರಫ್ತು ಅನುಮತಿ ಹಿಂದೆ ಪಡೆದರು.

ನಿಮ್ಮ ಕಡೆಯಿಂದ ನೋಡಿದರೆ

ಆಟೋ, ಕ್ಯಾಬ್, ಬಸ್ ಓಡಿಸುವವರು, ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವರು, ಮೆಷಿನ್ ಮುಂದೆ ನಿಲ್ಲುವವರು ತಮ್ಮ ಕೆಲಸವನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಆಗ ಅವರು ಹಗಲಿಗೆ ಬರೀ ನೋವಿನ ಔಷಧ, ರಾತ್ರಿಗೆ ಮಾತ್ರ ಸಡಿಲಿಸುವುದು ಎಂದು ಭಾಗ ಮಾಡಿಕೊಡಬಹುದು. ಇದಕ್ಕೆ ಜೋಡಿ ಮಾತ್ರೆಗಿಂತ ಬಿಡಿ ಮಾತ್ರೆಯೇ ಅನುಕೂಲ. ನಾನು ಬಿಡಿ ಮಾತ್ರೆಯ ಪಕ್ಷಪಾತಿ, ಒಪ್ಪಿಕೊಳ್ಳುತ್ತೇನೆ. ಯಾವುದರಿಂದ ಏನಾಯಿತು ಎಂದಾದರೂ ತಿಳಿಯುತ್ತದೆ.

ಅರವತ್ತೈದು ದಾಟಿದವರಿಗೆ ಈ ಗುಂಪಿನ ಔಷಧಗಳೇ ಹೆಚ್ಚುಕಡಿಮೆ ಬೇಡ ಎನ್ನುತ್ತದೆ ಅಮೆರಿಕದ ವೃದ್ಧರೋಗ ತಜ್ಞರ ಬಿಯರ್ಸ್ ಪಟ್ಟಿ. ಕ್ಲೋರ್‌ಜಾಕ್ಸಜೋನ್, ಮೆಥೋಕಾರ್ಬಮಾಲ್, ಸೈಕ್ಲೊಬೆಂಜಪ್ರಿನ್ ಎಲ್ಲ ಅದರಲ್ಲಿವೆ. ಕಾರಣ ಸರಳ. ರಾತ್ರಿ ಬಾತ್‌ರೂಮಿಗೆ ಏಳುವಾಗ ತಲೆ ಸುತ್ತಿ ಬಿದ್ದರೆ ಸೊಂಟದ ಮೂಳೆಯೇ ಮುರಿಯಬಹುದು. ಸೊಂಟ ನೋವಿಗೆ ಔಷಧ ಕೊಟ್ಟು ಸೊಂಟ ಮುರಿದುಕೊಂಡ ಹಾಗಾಗುತ್ತದೆ. ನಮ್ಮ ಅಮ್ಮನಿಗೆ ಬಿಪಿ ಮಾತ್ರೆ ಎರಡು ಇವೆ. ಅವರಿಗೆ ಸೊಂಟ ಹಿಡಿದಾಗ ಬಿಸಿನೀರಿನ ಚೀಲ, ಪ್ಯಾರಾಸಿಟಮಾಲ್, ಮನೆಯೊಳಗೇ ಮೆಲ್ಲಗೆ ಓಡಾಟ, ಅಷ್ಟೇ.

ಎಣ್ಣೆ ವಿಷಯ. "ಒಂದೇ ಕ್ವಾರ್ಟರ್" ಎನ್ನುವವರಿಗೆ: ಈ ಎಲ್ಲ ಮಾತ್ರೆಗಳೂ ಮದ್ಯದ ಜೊತೆ ಸೇರಿ ಮಂಪರನ್ನು ಏರಿಸುತ್ತವೆ, ಉಸಿರಾಟವೂ ನಿಧಾನವಾಗಬಹುದು. ನಿದ್ದೆ ಮಾತ್ರೆ, ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್, ನೆಗಡಿಯ ಸಿಟ್ರಿಜಿನ್, ಕೆಲವು ಕೆಮ್ಮಿನ ಸಿರಪ್ ಇವುಗಳ ಜೊತೆಗೂ ಇದೇ ಕಥೆ. ಪ್ರಿಗ್ಯಾಬಲಿನ್ ಅಂತೂ ಬೆನ್ನು ನೋವಿನ ಚೀಟಿಯಲ್ಲಿ ಪಕ್ಕದಲ್ಲೇ ಕೂತಿರುತ್ತದೆ, ಗಮನಿಸಿ.

ಇನ್ನು ಕೆಲವು ಸಂದರ್ಭದಲ್ಲಿ ಯಾವ ಮಾತ್ರೆ ಎಂಬ ಪ್ರಶ್ನೆಯೇ ತಪ್ಪು. ಸೊಂಟ ನೋವಿನ ಜೊತೆ ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಕೂರುವ ಜಾಗದಲ್ಲಿ ಮರಗಟ್ಟಿದರೆ, ಕಾಲಿನ ಬಲ ಹೋದರೆ ನೇರ ಆಸ್ಪತ್ರೆಗೆ. ಜ್ವರ ಇದ್ದರೆ, ಕಾರಣವಿಲ್ಲದೆ ತೂಕ ಇಳಿದಿದ್ದರೆ, ಬಿದ್ದ ಮೇಲೆ ಶುರುವಾಗಿದ್ದರೆ ಕೂಡ ಮಾತ್ರೆ ನುಂಗಿ ಕಾಯಬೇಡಿ.

ಔಷಧದಿಂದ ತೊಂದರೆಯಾದರೆ ಅದನ್ನು ವರದಿ ಮಾಡಲು ಒಂದು ಸರ್ಕಾರಿ ಸಹಾಯವಾಣಿ ಇದೆ, 1800-180-3024. ಭಾರತದ ಔಷಧ ಸುರಕ್ಷತಾ ಕಾರ್ಯಕ್ರಮದ್ದು, ಫೋನಿಗೆ ದುಡ್ಡಿಲ್ಲ. ಡಾಕ್ಟರೇ ಮಾಡಬೇಕೆಂದಿಲ್ಲ, ರೋಗಿಯೂ ಹೇಳಬಹುದು. ಅದು ದೂರು ಕೊಟ್ಟು ಯಾರನ್ನೋ ಹಿಡಿಸುವ ಜಾಗವಲ್ಲ. ಯಾವ ಔಷಧದಿಂದ ಎಷ್ಟು ಜನರಿಗೆ ಏನಾಯಿತು ಎಂಬ ಲೆಕ್ಕ ಅಲ್ಲಿ ಸೇರುತ್ತದೆ.

ಹೋದ ತಿಂಗಳು ನನಗೆ ಮತ್ತೆ ಕತ್ತು ಹಿಡಿಯಿತು. ಈ ಸಲ ಡಾಕ್ಟರ್ ಮುಂದೆ ಕೂತ ತಕ್ಷಣ ಹೇಳಿದೆ: ದಿನಾ ರೈಲಿನಲ್ಲಿ ಓಡಾಟ, ಬಿಪಿ ಇಲ್ಲ, ಬೇರೆ ಮಾತ್ರೆ ಇಲ್ಲ, ಹಿಂದೆ ಟಿಜಾನಿಡಿನ್‌ನಿಂದ ಹೀಗಾಗಿತ್ತು. ಅವರು ನಕ್ಕು, ಅದನ್ನೇ 2 ಮಿಲಿಗ್ರಾಂ, ಬಿಡಿ ಮಾತ್ರೆ, ರಾತ್ರಿ ಮಲಗುವ ಮುಂಚೆ ಮಾತ್ರ, ಐದು ದಿನ ಎಂದು ಬರೆದರು. ಮೂರೇ ರಾತ್ರಿಗೆ ಕತ್ತು ತಿರುಗಿತು. ಮಿಕ್ಕಿದ ಎರಡು ಮಾತ್ರೆಯನ್ನು ಪಕ್ಕದ ಮನೆ ಆಂಟಿ ಕೇಳಿದರು, ಅವರಿಗೂ ಕತ್ತು ನೋವಂತೆ. ಅವರಿಗೆ ಬಿಪಿ ಇದೆ. ಹಿಂದಿನ ವಾರವಷ್ಟೇ ಉರಿಮೂತ್ರ ಎಂದು ಆಸ್ಪತ್ರೆಗೆ ಹೋಗಿ ಬಂದಿದ್ದರು. ಏನು ಮಾತ್ರೆ ಕೊಟ್ಟಿದ್ದಾರೆ ತೋರಿಸಿ ಅಂದೆ. ಸಿಪ್ರೊಫ್ಲಾಕ್ಸಾಸಿನ್.